ವಿಷಯ ಬರೆಯದೆ ಯಾರನ್ನೂ ಕರೆಯದವರು

ಅವರು ಹೋದರು ಎಂಬ ಸುದ್ದಿ ನನ್ನನ್ನು ತಲುಪುವ ಹೊತ್ತಿಗೆ ಮಾಲ್ಮೋದಲ್ಲಿ ಅವರ ಅಂತ್ಯಕ್ರಿಯೆಯೂ ಮುಗಿದುಹೋಗಿತ್ತು. ಸ್ವೀಡನ್ನಿನಲ್ಲಿ ಸತ್ತವರನ್ನು ಮಣ್ಣು ಮಾಡಲು ವಾರಗಟ್ಟಲೆ ಕಾಯುತ್ತಾರೆ. ಅಷ್ಟು ಸಮಯವಿದ್ದರೂ ಯಾರೂ ನನಗೆ ತಿಳಿಸಿರಲಿಲ್ಲ. ತಿಳಿಸಬೇಕೆಂದು ಯಾರಿಗೂ ಹೊಳೆಯದಷ್ಟು ದೂರ ನಾನು ಬಂದುಬಿಟ್ಟಿದ್ದೆ. ಹಳೆಯ ಆಫೀಸಿನ ಒಬ್ಬಳು ಸೋಲ್ನಾ ನಿಲ್ದಾಣದಲ್ಲಿ ಸಿಕ್ಕಾಗ, ನನಗೆ ಹೇಗೂ ಗೊತ್ತಿರುತ್ತದೆ ಎಂದುಕೊಂಡೇ ಮಾತು ತೆಗೆದಳು. ನನ್ನ ಮುಖ ನೋಡಿ ಅರ್ಧಕ್ಕೆ ನಿಲ್ಲಿಸಿದಳು. ನನ್ನ ರೈಲು ಬಂತು, ಹೋಯಿತು. ನಾನು ಅಲ್ಲೇ ನಿಂತಿದ್ದೆ.

ಅವರು ಸೋಲ್ನಾದ ಆ ಆಫೀಸಿನಲ್ಲಿ ನನ್ನ ಮ್ಯಾನೇಜರ್ ಆಗಿದ್ದರು. ಮಂಗಳೂರಿನ ಕ್ರಿಶ್ಚಿಯನ್ ಮನೆತನದವರು, ಮನೆಮಾತು ಕೊಂಕಣಿ. ಸ್ವೀಡನ್ನಿಗೆ ಬಂದು ಎಷ್ಟೋ ವರ್ಷಗಳಾಗಿದ್ದವು. ಮದುವೆಯಾಗಿರಲಿಲ್ಲ, ಒಬ್ಬರೇ ಇದ್ದರು. ಆಸ್ಪತ್ರೆಗಳ ಲ್ಯಾಬಿನ ಯಂತ್ರಗಳಿಗೆ ಸಾಫ್ಟ್‌ವೇರ್ ಬರೆಯುವ ಕಂಪನಿ ನಮ್ಮದು. ಇಲ್ಲಿ ಆಫೀಸಿನಲ್ಲಿ ಎಲ್ಲರನ್ನೂ ಹೆಸರು ಹಿಡಿದೇ ಕರೆಯಬೇಕು, ಅತಿ ದೊಡ್ಡ ಸಾಹೇಬರನ್ನೂ. ಮೈಸೂರಿನಿಂದ ಬಂದ ನನ್ನ ನಾಲಿಗೆ ಅದಕ್ಕೆ ಹೊರಳಲಿಲ್ಲ. ಮೊದಲು ಮೇಡಂ ಎಂದೆ, ಅವರು ಮುಖ ಸಿಂಡರಿಸಿದರು. ಕೊನೆಗೆ ಅದು ಅಕ್ಕ ಎಂಬಲ್ಲಿಗೆ ಬಂದು ನಿಂತಿತು.

ಕುಳ್ಳಗಿನ ಮೈಕಟ್ಟು, ಕಿವಿಯವರೆಗೆ ಕತ್ತರಿಸಿದ ನರೆಗೂದಲು. ಚಳಿಗಾಲದಲ್ಲಿ ಬೂಟು ಬಿಚ್ಚಿಟ್ಟು ದಪ್ಪ ಉಣ್ಣೆಯ ಕಾಲುಚೀಲದಲ್ಲೇ ಆಫೀಸು ತುಂಬ ಓಡಾಡುತ್ತಿದ್ದರು, ಹಾಗಾಗಿ ಅವರು ಬಂದದ್ದು ಯಾರಿಗೂ ಕೇಳಿಸುತ್ತಿರಲಿಲ್ಲ. ಕಾಫಿಯ ಮಗ್ಗನ್ನು ಎರಡೂ ಕೈಯಲ್ಲಿ ಹಿಡಿದಿರುತ್ತಿದ್ದರು. ಕುಡಿಯುವುದಕ್ಕಿಂತ ಕೈ ಬೆಚ್ಚಗೆ ಮಾಡಿಕೊಳ್ಳುವುದೇ ಹೆಚ್ಚು. ಸಿಹಿ ಮಾತಿನವರಲ್ಲ. ಯಾರ ಹುಟ್ಟುಹಬ್ಬವೂ ಅವರಿಗೆ ನೆನಪಿರುತ್ತಿರಲಿಲ್ಲ. ಫೀಕಾಗೆ, ಅಂದರೆ ಹತ್ತು ಗಂಟೆಯ ಕಾಫಿಗೆ ಎಲ್ಲರೂ ಕೂತು ಹವಾಮಾನದ ಬಗ್ಗೆ ಮಾತಾಡುವಾಗ ಇವರು ದಾಲ್ಚಿನ್ನಿಯ ಬನ್ನನ್ನು ಬೇಗ ಬೇಗ ತಿಂದು ಎದ್ದುಬಿಡುತ್ತಿದ್ದರು. ಎಲ್ಲರಿಗೂ ಅವರು ಇಷ್ಟವಾಗಿದ್ದರು ಎಂದು ನಾನು ಸುಳ್ಳು ಹೇಳಲಾರೆ.

ನಾನು ಸೇರಿದ ಮೊದಲ ವಾರವೇ ನನಗೊಂದು ಕೆಲಸ ಕೊಟ್ಟರು. ದಕ್ಷಿಣದ ಯಾವುದೋ ಆಸ್ಪತ್ರೆಯವರು ಬರುವವರಿದ್ದರು, ಆ ದಿನದ ಅಜೆಂಡಾ ಕಳಿಸು ಎಂದರು. ನಾನು ಅಚ್ಚುಕಟ್ಟಾಗಿ ಬರೆದೆ. ಒಂಬತ್ತಕ್ಕೆ ಸ್ವಾಗತ, ಹತ್ತಕ್ಕೆ ಕಾಫಿ, ಆಮೇಲೆ ಮೊದಲನೆಯ ಸಭೆ, ಊಟ, ಎರಡನೆಯ ಸಭೆ. ಪ್ರಿಂಟ್ ತೆಗೆದುಕೊಂಡು ನನ್ನ ಮೇಜಿಗೇ ಬಂದರು.

"ಇದನ್ನು ನೋಡಿದ್ರೆ ನನಗೆ ಯಾವಾಗ ಹಸಿವಾಗ್ತದೆ ಅಂತ ಗೊತ್ತಾಗ್ತದೆ," ಎಂದರು. "ಅವರ ಹತ್ರ ಎಂತ ಮಾತಾಡ್ಲಿಕ್ಕೆ ಉಂಟು ಅಂತ ಗೊತ್ತಾಗುದಿಲ್ಲ. ಇದು ಶೆಡ್ಯೂಲ್. ನಾನು ಕೇಳಿದ್ದು ಅಜೆಂಡಾ."

ಎರಡೂ ಒಂದೇ ಅಲ್ಲವೇ ಎಂದು ನಾನು ಗೊಣಗಿದೆ. ನನಗೆ ನಿಜಕ್ಕೂ ಹಾಗೇ ಅನ್ನಿಸಿತ್ತು. ಬೆಂಗಳೂರಿನಲ್ಲಿ ಕೆಲಸ ಮಾಡುವಾಗ ನಾವು ಎರಡನ್ನೂ ಬಾಯಿಗೆ ಬಂದಂತೆ ಬಳಸುತ್ತಿದ್ದೆವು. ಅವರು ಪಕ್ಕದ ಕುರ್ಚಿ ಎಳೆದು ಕೂತರು. ಶೆಡ್ಯೂಲ್ ಅಂದರೆ ಎಷ್ಟು ಹೊತ್ತಿಗೆ, ಎಲ್ಲಿ, ಯಾವುದಾದ ಮೇಲೆ ಯಾವುದು. ಅಜೆಂಡಾ ಅಂದರೆ ಯಾವ ವಿಷಯ, ಏನು ತೀರ್ಮಾನ ಆಗಬೇಕು. ಕನ್ನಡದಲ್ಲೇ ನೋಡು, ಒಂದು ವೇಳಾಪಟ್ಟಿ, ಇನ್ನೊಂದು ಕಾರ್ಯಸೂಚಿ, ಯಾರಾದರೂ ಅದಲುಬದಲು ಮಾಡುತ್ತಾರಾ ಎಂದರು. ಕೊನೆಗೆ ಏಳುವಾಗ, ಶೆಡ್ಯೂಲ್ ಗಡಿಯಾರಕ್ಕೆ ಬೇಕಾದದ್ದು, ಅಜೆಂಡಾ ಮನುಷ್ಯರಿಗೆ ಬೇಕಾದದ್ದು ಎಂದು ಹೇಳಿ ಹೋದರು.

ಮೀಟಿಂಗಿಗೆ ಕರೆ ಬಂದರೆ ಮೊದಲು ಅದರಲ್ಲಿ ವಿಷಯ ಬರೆದಿದೆಯೇ ಎಂದು ನೋಡುತ್ತಿದ್ದರು. ಬರೀ ಸಮಯವಿದ್ದರೆ ಹೋಗುತ್ತಿರಲಿಲ್ಲ. ಅವರ ಮೇಲಿನ ಅಧಿಕಾರಿ ಕರೆದರೂ ಅಷ್ಟೇ. ಬರೆಯಿರಿ, ಆಮೇಲೆ ಕರೆಯಿರಿ ಎಂದು ಒಂದೇ ಸಾಲಿನ ಉತ್ತರ ಹೋಗುತ್ತಿತ್ತು. ಸ್ವೀಡಿಷರು ಜಗಳವಾಡುವ ಜನ ಅಲ್ಲ, ಸುಮ್ಮನೆ ವಿಷಯ ಬರೆದು ಮತ್ತೆ ಕಳಿಸುತ್ತಿದ್ದರು.

ಒಮ್ಮೆ ದೀಪಾವಳಿಗೆ ಪಕ್ಕದ ಸುಂಡ್‌ಬೀಬರ್ಯ್‌ನ ಒಂದು ಬಾಡಿಗೆ ಹಾಲಿನಲ್ಲಿ ಕನ್ನಡದವರೆಲ್ಲ ಸೇರಿದ್ದೆವು. ಅಡುಗೆ ಹಂಚಿಕೊಳ್ಳುವ ಮಾತಿನಲ್ಲಿ ಯಾರೋ ಒಬ್ಬರು, ಅವರಿಗೇನೋ ಅಜೆಂಡಾ ಇದೆ ಬಿಡಿ ಎಂದು ಇನ್ಯಾರನ್ನೋ ಹಂಗಿಸಿದರು. ಮನೆಗೆ ಮರಳುವಾಗ ಅಕ್ಕ ಅದನ್ನೇ ಮೆಲುಕು ಹಾಕುತ್ತಿದ್ದರು. ಟೀವಿ ನೋಡಿ ನೋಡಿ ನಮ್ಮವರಿಗೆ ಆ ಶಬ್ದ ಬೈಗುಳವೇ ಆಗಿಬಿಟ್ಟಿದೆ, ಹೊಟ್ಟೆಯೊಳಗೆ ಬಚ್ಚಿಟ್ಟುಕೊಂಡದ್ದಕ್ಕೆ ಆ ಹೆಸರು ಇಟ್ಟಿದ್ದಾರೆ, ಆದರೆ ಅದು ಇರುವುದೇ ಬಚ್ಚಿಡದಿರುವುದಕ್ಕೆ ಎಂದರು. ಸೌಮ್ಯವಾಗಿ ಹೇಳಲಿಲ್ಲ. ಯಾರೋ ಅವರ ಸ್ವಂತದ್ದೇನನ್ನೋ ಕೆಡಿಸಿದಂತೆ ಹೇಳಿದರು.

ಇದರ ಬೇರು ಎಲ್ಲಿತ್ತು ಎಂದು ನನಗೆ ಗೊತ್ತಾದದ್ದು ಬಹಳ ಆಮೇಲೆ. ಅವರು ಕಾಲೇಜಿನ ಹಾಸ್ಟೆಲಿನಲ್ಲಿದ್ದಾಗ ಒಂದು ಭಾನುವಾರ ವಾರ್ಡನ್ ಕರೆದು, ಊಟ ಆದ ಮೇಲೆ ಆಫೀಸಿಗೆ ಬಾ ಎಂದರಂತೆ. ಯಾಕೆಂದು ಹೇಳಲಿಲ್ಲ. ಇವರು ಊಟಕ್ಕೆ ಕೂತರು. ಅಂದು ಕೋಳಿ ಮಾಡಿದ್ದರು, ಎರಡನೇ ಸಲ ಹಾಕಿಸಿಕೊಂಡರು, ಗೆಳತಿಯರೊಡನೆ ಏನೋ ನೆನೆದು ಜೋರಾಗಿ ನಕ್ಕರು. ಬಡಿಸುವವರು, ಬಾಗಿಲಲ್ಲಿ ನಿಂತ ಸಿಸ್ಟರ್, ಎಲ್ಲರೂ ತಮ್ಮನ್ನೇ ನೋಡುತ್ತಿದ್ದುದು ಗಮನಕ್ಕೆ ಬಂತು, ಅರ್ಥವಾಗಲಿಲ್ಲ. ಊಟ ಮುಗಿಸಿ ಹೋದಾಗ ಹೇಳಿದರು, ಅಣ್ಣ ಬೆಳಿಗ್ಗೆಯೇ ಬೈಕು ಅಪಘಾತದಲ್ಲಿ ತೀರಿಕೊಂಡ ಎಂದು. ಅಣ್ಣನ ಸಾವನ್ನು ಹೇಗೋ ನುಂಗಿಕೊಂಡೆ, ಆ ಊಟವನ್ನು ಇವತ್ತಿಗೂ ನುಂಗಲು ಆಗಿಲ್ಲ ಎಂದಿದ್ದರು. ನನಗೆ ಗೊತ್ತಿಲ್ಲದ ನನ್ನ ವಿಷಯ ಇಟ್ಟುಕೊಂಡು ಎಲ್ಲರೂ ನಾನು ಉಣ್ಣುವುದನ್ನು ನೋಡಿದರು ಎಂದಿದ್ದರು.

ನಮ್ಮ ಟೀಮಿನಲ್ಲಿ ಕನ್ನಡದವರು ಇನ್ನೊಬ್ಬರಿದ್ದರು, ಗದಗಿನವರು. ಎತ್ತರದ, ನಾಚಿಕೆಯ ಮನುಷ್ಯ. ನಮ್ಮೆದುರು ತಮ್ಮ ಊರಿನ ಮಾತನ್ನು ತಿದ್ದಿ ತಿದ್ದಿ ಆಡುತ್ತಿದ್ದರು. ಮನೆಗೆ ಫೋನ್ ಮಾಡುವಾಗ ಮಾತ್ರ ಅದು ಸಲೀಸಾಗಿ ಹರಿಯುತ್ತಿತ್ತು. ಸುಂಡ್‌ಬೀಬರ್ಯ್‌ನಲ್ಲಿ ಹೆಂಡತಿ, ದಾಗಿಸ್‌ಗೆ, ಅಂದರೆ ಶಿಶುವಿಹಾರಕ್ಕೆ, ಹೋಗುವ ಮಗಳು. ಆ ಮಗು ಅಪ್ಪ ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಸ್ವೀಡಿಷಿನಲ್ಲಿ ಉತ್ತರ ಕೊಡುತ್ತಿತ್ತು, ಅದನ್ನು ಅವರು ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದರು. ಅಕ್ಕನನ್ನು ಕೊನೆಯವರೆಗೂ ಮೇಡಂ ಎಂದೇ ಕರೆದರು. ಅವರಿಗೆ ಮಾತ್ರ ಅಕ್ಕ ಮುಖ ಸಿಂಡರಿಸುತ್ತಿರಲಿಲ್ಲ.

ಆ ವರ್ಷ ಕಂಪನಿಗೆ ದೊಡ್ಡದೊಂದು ಗುತ್ತಿಗೆ ತಪ್ಪಿತು. ಜನರನ್ನು ತೆಗೆಯುತ್ತಾರೆ ಎಂಬ ಸುದ್ದಿ ಶರತ್ಕಾಲದಲ್ಲೇ ಹಬ್ಬಿತು. ಇಲ್ಲಿ ಅದಕ್ಕೆಲ್ಲ ಕ್ರಮವಿದೆ, ಯೂನಿಯನ್ನಿನ ಜೊತೆ ಮಾತುಕತೆಯಾಗಬೇಕು, ಪಟ್ಟಿಯಾಗಬೇಕು. ನಮ್ಮಂಥ ಕೆಲವರಿಗೆ ಕೆಲಸದ ಜೊತೆ ವಾಸದ ಪರವಾನಗಿಯೂ ಕಟ್ಟಿಕೊಂಡಿತ್ತು. ಕೆಲಸ ಹೋದರೆ ಕೆಲವು ತಿಂಗಳೊಳಗೆ ಬೇರೆ ಹುಡುಕಬೇಕು, ಇಲ್ಲವೇ ಊರಿಗೆ ಹೊರಡಬೇಕು. ನವೆಂಬರಿನ ಕತ್ತಲಲ್ಲಿ ಒಬ್ಬರ ಮುಖ ಒಬ್ಬರು ನೋಡದೆ ಕೆಲಸ ಮಾಡಿದೆವು.

ಪಟ್ಟಿ ಸಿದ್ಧವಾದಾಗ ಅಕ್ಕನ ಟೀಮಿನಿಂದಲೂ ಕೆಲವರು ಅದರಲ್ಲಿದ್ದರು. ಒಬ್ಬೊಬ್ಬರನ್ನೇ ಕರೆದು ತಿಳಿಸುವುದು ಅವರ ಪಾಲಿಗೆ ಬಂತು. ಎಚ್.ಆರ್. ವಿಭಾಗದವರು ಹೇಗೆ ಕರೆಯಬೇಕೆಂದು ಮೊದಲೇ ಬರೆದುಕೊಟ್ಟಿದ್ದರು. ಕ್ಯಾಲೆಂಡರಿನಲ್ಲಿ ಸಮಯ, ಕೋಣೆಯ ಹೆಸರು, 'ಮಾತುಕತೆ' ಎಂಬ ಒಂದು ಪದ, ಅಷ್ಟೇ. ಅಕ್ಕ ಒಪ್ಪಲಿಲ್ಲ. ವಿಷಯ ಗೊತ್ತಿದ್ದರೆ ಯೂನಿಯನ್ನಿನವರನ್ನು ಜೊತೆಗೆ ಕರೆತರಬಹುದು, ಕೇಳಬೇಕಾದ ಪ್ರಶ್ನೆ ಬರೆದುಕೊಂಡು ಬರಬಹುದು, ಅಳುವುದಿದ್ದರೆ ಮನೆಯಲ್ಲಿ ಅತ್ತು ಬರಬಹುದು ಎಂದು ವಾದಿಸಿದರು. ಗಾಜಿನ ಕೋಣೆಯೊಳಗೆ ಆ ವಾದ ನಡೆದದ್ದನ್ನು ನಾವೆಲ್ಲ ಹೊರಗಿನಿಂದ ನೋಡಿದೆವು, ಏನೆಂದು ತಿಳಿದದ್ದು ಆಮೇಲೆ. ಕೊನೆಗೆ ಅವರು ತಮಗೆ ಸರಿ ಕಂಡಂತೆಯೇ ಮಾಡಿದರು. ಹಿಂದಿನ ದಿನ ಮಧ್ಯಾಹ್ನ ಕಳಿಸಿದ ಕರೆಗಳಲ್ಲಿ ಸಮಯದ ಕೆಳಗೆ ವಿಷಯವನ್ನು ನೇರವಾಗಿ ಬರೆದರು. ನಿಮ್ಮ ಹುದ್ದೆ ರದ್ದಾಗುತ್ತಿರುವುದು, ಮುಂದೆ ಕಂಪನಿಯಿಂದ ಸಿಗುವ ಸಹಾಯ, ನಿಮ್ಮ ಪ್ರಶ್ನೆಗಳು.

ಅಂದು ಮಧ್ಯಾಹ್ನ ಗದಗಿನವರು ಬೇಗ ಎದ್ದರು. ತಮ್ಮ ಮಗ್ಗನ್ನು ಪಾತ್ರೆ ತೊಳೆಯುವ ಮೆಶಿನ್ನಿನಲ್ಲಿಟ್ಟು, ಜಾಕೆಟ್ ಹಾಕಿಕೊಂಡು, ನನ್ನ ಮೇಜಿನ ಹತ್ತಿರ ಬರುವಾಗ, ನಾಳೆ ಸಿಗೋಣ್ರಿ ಎಂದರು. ನಾನು ತಲೆಯೆತ್ತದೆ ಹೂಂ ಎಂದೆ. ಅವರ ಹೆಸರು ಪಟ್ಟಿಯಲ್ಲಿದ್ದದ್ದು ನನಗೆ ಗೊತ್ತಿರಲಿಲ್ಲ.

ಮರುದಿನ ಬೆಳಿಗ್ಗೆ ಸಣ್ಣ ಕೋಣೆಯಲ್ಲಿ ಅಕ್ಕ ಮತ್ತು ಎಚ್.ಆರ್. ಹೆಂಗಸು ಕೂತಿದ್ದರು. ಮೇಜಿನ ಮೇಲೆ ನೀರಿನ ಜಗ್ಗು, ಲೋಟಗಳು, ಟಿಶ್ಯೂ ಪೆಟ್ಟಿಗೆ. ಮೊದಲ ಕರೆ ಗದಗಿನವರದು. ಅವರು ಬರಲಿಲ್ಲ. ಅಕ್ಕ ಬಾಗಿಲ ಕಡೆಗೇ ಮುಖ ಮಾಡಿ ನೆಟ್ಟಗೆ ಕೂತಿದ್ದರು. ಆಗ ನನ್ನ ಫೋನು ಬಡಿಯಿತು. ಗದಗಿನವರ ಹೆಂಡತಿ. ಅವರು ಏನು ಹೇಳುತ್ತಿದ್ದಾರೆಂದು ತಿಳಿಯಲು ಸ್ವಲ್ಪ ಹೊತ್ತು ಬೇಕಾಯಿತು. ಸ್ನಾನದ ಕೋಣೆಯಲ್ಲಿ ಬಿದ್ದಿದ್ದರು, ಆಂಬುಲೆನ್ಸಿನವರು ಬಂದರು, ಎದೆ ಒತ್ತಿ ಒತ್ತಿ ಕೊನೆಗೆ ನಿಲ್ಲಿಸಿದರು.

ನಾನು ಗಾಜಿನ ಬಾಗಿಲು ತೆರೆದು ಒಳಗೆ ಹೋಗಿ ಹೇಳಿದೆ. ಕನ್ನಡದಲ್ಲೇ ಹೇಳಿದೆ, ಬೇರೆ ಯಾವ ಭಾಷೆಯೂ ಬಾಯಿಗೆ ಬರಲಿಲ್ಲ. ಅಕ್ಕ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ನನ್ನ ಮಾತು ಅರ್ಥವಾಗದ ಎಚ್.ಆರ್. ಹೆಂಗಸು, ಏನೋ ಆಗಿದೆ ಎಂದು ಮಾತ್ರ ತಿಳಿದು, ಒಂದು ಲೋಟಕ್ಕೆ ನೀರು ಬಗ್ಗಿಸಿದಳು. ಯಾರಿಗೆ ಕೊಡಬೇಕೆಂದು ತಿಳಿಯದೆ ಅದನ್ನು ಹಿಡಿದುಕೊಂಡೇ ಕೂತಳು.

ಹೃದಯದ ನಾಳ ಬಹಳ ಹಿಂದಿನಿಂದಲೇ ಕಟ್ಟಿಕೊಂಡಿತ್ತು, ಯಾವಾಗ ಬೇಕಾದರೂ ಆಗಬಹುದಿತ್ತು ಎಂದು ಡಾಕ್ಟರು ಹೇಳಿದರು. ಆಫೀಸಿನಲ್ಲಿ ಅವರ ಫೋಟೋ ಇಟ್ಟು ಮೇಣದಬತ್ತಿ ಹಚ್ಚಿದರು. ಮೇಲಿನ ಅಧಿಕಾರಿ ಅಕ್ಕನನ್ನು ಕರೆದು, ನಿಮ್ಮನ್ನು ಯಾರೂ ದೂರುತ್ತಿಲ್ಲ ಎಂದರು. ದೂರುವ ಮಾತನ್ನು ಇಲ್ಲಿ ಹೀಗೆ ಹೇಳುತ್ತಾರೆ. ಇನ್ನು ಮುಂದೆ ಯಾರ ಕರೆಯಲ್ಲೂ ವಿಷಯ ಬರೆಯಬಾರದು ಎಂದು ಎಲ್ಲ ಮ್ಯಾನೇಜರುಗಳಿಗೂ ಸೂಚನೆ ಹೋಯಿತು. ಗದಗಿನವರ ಹೆಸರು ಪಟ್ಟಿಯಿಂದ ಸದ್ದಿಲ್ಲದೆ ತೆಗೆದರು. ಕೆಲಸದಲ್ಲಿದ್ದಾಗಲೇ ತೀರಿಕೊಂಡವರು ಎಂದಾಯಿತು. ಹೆಂಡತಿಗೆ ಇದೆಲ್ಲ ತಿಳಿಸಿ ನೋಯಿಸುವುದು ಬೇಡ ಎಂಬುದು ಎಲ್ಲರ ಅಭಿಪ್ರಾಯವಾಗಿತ್ತು. ನನ್ನದೂ ಅದೇ.

ಆಕೆಗೆ ನಿಜಕ್ಕೂ ಏನೂ ಗೊತ್ತಿರಲಿಲ್ಲ. ಬಂದವರಿಗೆಲ್ಲ ಆ ಕೊನೆಯ ಸಂಜೆಯನ್ನು ಹೇಳುತ್ತಿದ್ದರು. ಅಂದು ಅವರು ಬೇಗ ಬಂದರು, ಮಗಳನ್ನು ದಾಗಿಸ್‌ನಿಂದ ತಾವೇ ಕರೆತಂದರು, ದಾರಿಯ ಪಾರ್ಕಿನಲ್ಲಿ ಕತ್ತಲಲ್ಲೇ ಆಡಿಸಿದರು. ಮನೆಗೆ ಬಂದು ಚುರುಮುರಿ ಹುಡುಕಿ ತೆಗೆದು ತಮ್ಮ ಕೈಯಾರೆ ಗಿರ್ಮಿಟ್ ಮಾಡಿದರು. ಮಗಳನ್ನು ಕಾಲ ಮೇಲೆ ನಿಲ್ಲಿಸಿಕೊಂಡು ಕುಣಿಸಿದರು. ನಾಳೆ ಒಂಬತ್ತಕ್ಕೆ ಮೀಟಿಂಗ್ ಇದೆ ಎಂದು ಅಂಗಿ ತಾವೇ ಇಸ್ತ್ರಿ ಮಾಡಿಕೊಂಡರು. ಎಷ್ಟು ಖುಷಿಯಾಗಿದ್ದರು ಎಂದು ಹೇಳುವಾಗ ಆಕೆಯ ಮುಖದಲ್ಲಿ ಅಳುವಿನ ನಡುವೆಯೂ ಏನೋ ಒಂದು ಬೆಳಕು ಸುಳಿಯುತ್ತಿತ್ತು.

ಇದನ್ನು ನಾನೇ ಅಕ್ಕನಿಗೆ ಹೇಳಿದೆ. ಸಮಾಧಾನವಾಗಲಿ ಎಂದೇ ಹೇಳಿದ್ದೆ. ಅವರು ಸಂಜೆಯ ಮಾತು ಕೇಳುತ್ತ ಕೇಳುತ್ತ ಕಲ್ಲಾದರು. ಆಕೆಗೆ ತಿಳಿಸಬೇಕು ಎಂದರು.

"ಬೇಡ ಅಕ್ಕ," ಎಂದೆ. "ಅದರಿಂದ ಅವರಿಗೆ ಏನು ಸಿಗುತ್ತೆ?"

"ಸಿಗುದು ಬಿಡುದು ನನಗೆ ಗೊತ್ತಿಲ್ಲ. ಅವಳ ಗಂಡನ ವಿಷಯ, ನನಗೆ ಗೊತ್ತುಂಟು, ಇಡೀ ಆಫೀಸಿಗೆ ಗೊತ್ತುಂಟು, ಅವಳಿಗೊಬ್ಬಳಿಗೆ ಗೊತ್ತಿಲ್ಲ. ಅವಳು ಆ ಗಿರ್ಮಿಟ್ ಕಥೆ ಹೇಳುವಾಗ ನಾನು ಹೇಗೆ ಕೂತುಕೊಂಡು ಕೇಳುದು?"

ಬೇರೆಯವರಿಂದ ಯಾವಾಗಲಾದರೂ ತಿಳಿಯುವುದಕ್ಕಿಂತ ನನ್ನಿಂದ ತಿಳಿಯಲಿ ಎಂದೂ ಹೇಳಿದರು. ಅದೂ ಸರಿಯೇ ಇತ್ತು. ಜೊತೆಗೆ ಬಾ ಎಂದು ಕರೆದರು, ಹೋದೆ.

ಸುಂಡ್‌ಬೀಬರ್ಯ್‌ನ ಆ ಮನೆಯಲ್ಲಿ ಅರ್ಧ ಸಾಮಾನು ಆಗಲೇ ರಟ್ಟಿನ ಪೆಟ್ಟಿಗೆ ಸೇರಿತ್ತು. ದೇಹವನ್ನು ಊರಿಗೆ ಕಳಿಸುವ ವ್ಯವಸ್ಥೆಯಾಗುತ್ತಿತ್ತು, ತಾಯಿ ಮಗಳು ಅದೇ ವಿಮಾನದಲ್ಲಿ ಹೋಗುವವರಿದ್ದರು. ಮಗು ಒಳಗಿನ ಕೋಣೆಯಲ್ಲಿ ಗೊಂಬೆಯೊಂದಿಗೆ ಸ್ವೀಡಿಷಿನಲ್ಲಿ ಮಾತಾಡಿಕೊಳ್ಳುತ್ತಿತ್ತು. ಆಕೆ ಚಹಾ ಮಾಡಿದರು. ಅಕ್ಕ ಚಹಾ ಮುಟ್ಟಲಿಲ್ಲ. ನಿಮಗೊಂದು ವಿಷಯ ಹೇಳಲು ಬಂದಿದ್ದೇನೆ, ಕೇಳಿದರೆ ನೋವಾಗುತ್ತದೆ, ಕೇಳುವುದು ಬೇಡ ಎಂದರೆ ಈಗಲೇ ಎದ್ದು ಹೋಗುತ್ತೇನೆ ಎಂದರು. ಆಕೆ ಹೇಳ್ರಿ ಎಂದರು. ಅಕ್ಕ ಎಲ್ಲವನ್ನೂ ಹೇಳಿದರು. ಆ ಮೀಟಿಂಗ್ ಯಾತಕ್ಕಾಗಿತ್ತು, ಅದನ್ನು ಹಿಂದಿನ ಮಧ್ಯಾಹ್ನವೇ ಬರೆದು ಕಳಿಸಿದ್ದು ತಾವು, ಅವರು ಅದನ್ನು ಓದಿಯೇ ಮನೆಗೆ ಹೊರಟಿದ್ದರು. ಸಮಜಾಯಿಷಿ ಕೊಡಲಿಲ್ಲ, ಡಾಕ್ಟರು ಹೇಳಿದ್ದನ್ನು ಗುರಾಣಿ ಮಾಡಿಕೊಳ್ಳಲಿಲ್ಲ.

ಆಕೆ ನಮ್ಮೊಡನೆ ಯಾವಾಗಲೂ ಬೆಂಗಳೂರಿನ ಮಾತಾಡುತ್ತಿದ್ದವರು, ಆ ದಿನ ಅದನ್ನು ಮರೆತರು.

"ಅಂದ್ರ ಅವರಿಗೆ ಗೊತ್ತಿತ್ತು."

"ಹೌದು," ಎಂದರು ಅಕ್ಕ.

"ಗೊತ್ತಿದ್ದೂ ನಕ್ಕೋತ ಕುಂತಿದ್ರು. ನಾ ಎದುರಿಗೆ ಕುಂತು ತಿಂದೆ. ಖಾರ ಕಡಿಮಿ ಆಗೇತಿ ಅಂತ ಅಂದೆ." ಆಕೆ ಅಕ್ಕನ ಮುಖವನ್ನು ದಿಟ್ಟಿಸಿದರು. ಧ್ವನಿ ಏರಲಿಲ್ಲ. "ನನಗ ಆ ಸಂಜಿ ಒಂದ ಉಳದಿತ್ರಿ ಮೇಡಂ. ಅದನ್ನೂ ತಗೊಂಡ್ರಿ ನೀವು."

ಅಕ್ಕ ಎದ್ದು ಬಾಗಿಲ ಹತ್ತಿರ ಬೂಟು ಹಾಕಿಕೊಳ್ಳಲು ಬಗ್ಗಿದರು. ಲೇಸು ಕಟ್ಟಲು ಆಗಲಿಲ್ಲ. ನಾನು ಕೂತು ಕಟ್ಟಿದೆ. ಸೋಲ್ನಾದಲ್ಲಿ ರೈಲು ಇಳಿಯುವಾಗ ಅವರು ನನ್ನ ತೋಳನ್ನು ಒಮ್ಮೆ ಗಟ್ಟಿಯಾಗಿ ಹಿಡಿದು ಬಿಟ್ಟರು, ಅಷ್ಟೇ.

ಅದರ ನಂತರ ಅವರು ಬದಲಾದರು ಎಂದರೆ ಎಲ್ಲವನ್ನೂ ಹೇಳಿದಂತಾಗುವುದಿಲ್ಲ. ಕೆಲಸದಲ್ಲಿ ಚುರುಕಾಗಿಯೇ ಇದ್ದರು. ಆದರೆ ಯಾರು ಎಲ್ಲಿಗೆ ಕರೆದರೂ ಹೋಗತೊಡಗಿದರು. ವಿಷಯ ಬರೆದಿದೆಯೋ ಇಲ್ಲವೋ ನೋಡುತ್ತಿರಲಿಲ್ಲ. ಸಭೆಗಳಲ್ಲಿ ಕೊನೆಯ ಕುರ್ಚಿಯಲ್ಲಿ ಕೂತು ಗೋಡೆ ನೋಡುತ್ತಿದ್ದರು. ಫೀಕಾದಲ್ಲಿ ಬೇಗ ಏಳುವುದನ್ನೂ ಬಿಟ್ಟರು. ಎಲ್ಲರೂ ಎದ್ದು ಹೋದ ಮೇಲೂ ಮಗ್ಗು ಹಿಡಿದು ಕೂತಿರುತ್ತಿದ್ದರು. ಹೊಸದಾಗಿ ಸೇರಿದ ಹುಡುಗಿಯೊಬ್ಬಳು ನಾನು ಮೊದಲ ವಾರ ಮಾಡಿದ ತಪ್ಪನ್ನೇ ಮಾಡಿದಾಗ, ನಾನು ಅವರ ಮುಖ ನೋಡಿದೆ. ಚೆನ್ನಾಗಿದೆ, ಕಳಿಸು ಎಂದರು.

ಮುಂದಿನ ವಸಂತದಲ್ಲಿ ಮತ್ತೊಂದು ಸುತ್ತು ಜನರನ್ನು ತೆಗೆದರು. ಈ ಸಲ ನನಗೂ ಕರೆ ಬಂತು, ಅಕ್ಕನ ಹೆಸರಿನಿಂದ. ಸಮಯವಿತ್ತು, ಸಣ್ಣ ಕೋಣೆಯ ಹೆಸರಿತ್ತು, 'ಮಾತುಕತೆ' ಎಂದಿತ್ತು. ಕೆಳಗೆ ಖಾಲಿ. ನನಗೆ ತಕ್ಷಣ ಅರ್ಥವಾಯಿತು, ಆದರೂ ಅರ್ಥವಾಗಿಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ಮನೆಯಲ್ಲಿ ಗಂಡನಿಗೆ ಹೇಳಲಿಲ್ಲ. ಬೇರೇನೋ ಇರಬಹುದು, ಬಡ್ತಿಯೇ ಇರಬಹುದು ಎಂದು ಯೋಚಿಸುತ್ತ ಅನ್ನ ತಳ ಹಿಡಿಸಿದೆ. ಆ ಸಂಜೆಯಲ್ಲಿ ಕಾಪಾಡಿಕೊಳ್ಳುವಂಥದ್ದು ಏನೂ ಇರಲಿಲ್ಲ.

ಮರುದಿನ ಕೋಣೆಗೆ ಹೋದಾಗ ಅದೇ ನೀರಿನ ಜಗ್ಗು, ಅದೇ ಹೆಂಗಸು. ಅಕ್ಕ ವಿಷಯವನ್ನು ನೇರವಾಗಿಯೇ ಹೇಳಿದರು. ಮೊದಲು ಕನ್ನಡದಲ್ಲಿ, ಆಮೇಲೆ ಇಂಗ್ಲಿಷಿನಲ್ಲಿ. ನನ್ನ ಕೆಲಸ ಹೋದದ್ದಕ್ಕಿಂತ ಬೇರೊಂದಕ್ಕೆ ನನಗೆ ಸಿಟ್ಟು ಬಂದಿತ್ತು.

"ನೀವು ನನಗೆ ಮೊದಲೇ ಹೇಳಬೇಕಿತ್ತು ಅಕ್ಕ."

ಅವರು ತಲೆ ಆಡಿಸಿದರು. "ಬರೀಲಿಕ್ಕೆ ಕೂತೆ ಮಾರಾಯ್ತಿ," ಎಂದರು. "ಬರೀಲಿಕ್ಕೆ ಆಗ್ಲಿಲ್ಲ."

ಗದಗಿನವರ ಹೆಂಡತಿ ಹೇಳಿದ್ದನ್ನು ನಾನೂ ಪಕ್ಕದಲ್ಲೇ ಕೂತು ಕೇಳಿದ್ದೆ. ಆ ದಿನ ಆಕೆಯದೇ ಸರಿ ಎನ್ನಿಸಿತ್ತು. ನನ್ನ ಸರದಿ ಬಂದಾಗ ಮಾತ್ರ, ಹೇಳದೆ ಬಿಟ್ಟಿದ್ದನ್ನು ಕ್ಷಮಿಸಲು ಆಗಲಿಲ್ಲ. ಯಾವುದು ಸರಿ ಎಂದು ಇವತ್ತಿಗೂ ನನಗೆ ಗೊತ್ತಿಲ್ಲ. ಒಬ್ಬರಿಗೆ ಸರಿಯಾದದ್ದು ಇನ್ನೊಬ್ಬರಿಗೆ ಆಗುವುದಿಲ್ಲ ಎಂದು ಹೇಳಿ ಕೈತೊಳೆದುಕೊಳ್ಳಬಹುದು. ಆದರೆ ಕಳಿಸುವವರು ಯಾವುದೋ ಒಂದನ್ನು ಮಾಡಲೇಬೇಕಲ್ಲ, ಉತ್ತರ ತಿಳಿಯುವ ಮುಂಚೆ.

ನನ್ನ ಗಂಡ ವಿಶ್ವವಿದ್ಯಾಲಯದಲ್ಲಿ ಸಂಶೋಧಕರು, ಅವರ ಪರವಾನಗಿಯ ಆಸರೆಯಲ್ಲಿ ನಾವು ಉಳಿದುಕೊಂಡೆವು. ಕೆಲವು ತಿಂಗಳಲ್ಲಿ ನನಗೆ ಬೇರೆ ಕಡೆ ಕೆಲಸ ಸಿಕ್ಕಿತು. ಅಕ್ಕ ಅದೇ ಬೇಸಿಗೆಯಲ್ಲಿ ತಾವಾಗಿಯೇ ರಾಜೀನಾಮೆ ಕೊಟ್ಟು ಮಾಲ್ಮೋಗೆ ಹೋದರು ಎಂದು ತಿಳಿಯಿತು. ಅಲ್ಲಿಂದ ಸೇತುವೆ ದಾಟಿ ಕೋಪನ್‌ಹೇಗನ್ನಿನ ಒಂದು ಕಂಪನಿಗೆ ಹೋಗಿಬರುತ್ತಿದ್ದರಂತೆ. ಯಾರನ್ನೂ ನಿಭಾಯಿಸುವ ಹುದ್ದೆಯಲ್ಲ, ಒಬ್ಬರೇ ಕೂತು ಮಾಡುವ ಕೆಲಸ. ಒಮ್ಮೆ ಕ್ರಿಸ್‌ಮಸ್ಸಿಗೆ ಫೋನ್ ಮಾಡಿದ್ದೆ. ಸಮುದ್ರ ಹತ್ತಿರ ಉಂಟು, ಆದರೆ ನಮ್ಮ ಸಮುದ್ರದ ವಾಸನೆ ಇಲ್ಲ ಇದಕ್ಕೆ ಎಂದರು. ಊರಿನಲ್ಲಿ ತಂಗಿಯೊಬ್ಬಳಿದ್ದಾಳೆ, ಬಾ ಬಾ ಎನ್ನುತ್ತಾಳೆ, ಹೋಗಬೇಕು ಎಂದರು. ಮತ್ತೆ ಮಾಡುತ್ತೇನೆ ಎಂದು ಇಟ್ಟೆ. ಮಾಡಲಿಲ್ಲ.

ನಿಲ್ದಾಣದಲ್ಲಿ ಸಿಕ್ಕವಳು ಹೇಳಿದ್ದು ಇಷ್ಟು. ಮೆದುಳಿನಲ್ಲಿ ರಕ್ತಸ್ರಾವ. ಕೆಲಸಕ್ಕೆ ಬರಲಿಲ್ಲ, ಮರುದಿನವೂ ಬರಲಿಲ್ಲ, ಫೋನ್ ಎತ್ತಲಿಲ್ಲ. ಆಫೀಸಿನವರು ಪೊಲೀಸರಿಗೆ ತಿಳಿಸಿ ಮನೆಯ ಬಾಗಿಲು ತೆರೆಸಿದರು. ಅಡುಗೆಮನೆಯಲ್ಲಿ ಇದ್ದರು. ಊರಿನಿಂದ ತಂಗಿಗೆ ವೀಸಾ ಸಮಯಕ್ಕೆ ಸಿಗಲಿಲ್ಲ. ಇಗರ್ಜಿಯಲ್ಲಿ ಹತ್ತಿಪ್ಪತ್ತು ಜನ ಇದ್ದರಂತೆ, ಹೆಚ್ಚಿನವರು ಅವರನ್ನು ಸರಿಯಾಗಿ ಬಲ್ಲವರಲ್ಲ.

ಗದಗಿನವರ ಹೆಂಡತಿ ಈಗ ಹುಬ್ಬಳ್ಳಿಯಲ್ಲಿ ಒಂದು ಶಾಲೆಯಲ್ಲಿ ಕೆಲಸ ಮಾಡುತ್ತಾರೆ. ಹಬ್ಬಹರಿದಿನಕ್ಕೆ ನಾವು ಒಬ್ಬರಿಗೊಬ್ಬರು ಫೋನ್ ಮಾಡುತ್ತೇವೆ. ಈ ಎಲ್ಲ ವರ್ಷಗಳಲ್ಲಿ ಅಕ್ಕನ ಹೆಸರನ್ನು ಅವರು ಎತ್ತಿದ್ದಿಲ್ಲ, ನಾನೂ ಎತ್ತಿದ್ದಿಲ್ಲ. ತಿಳಿಸಬೇಕೋ ಬೇಡವೋ ಎಂದು ಕೆಲವು ದಿನ ಯೋಚಿಸಿ, ಒಂದು ಭಾನುವಾರ ಬೆಳಿಗ್ಗೆ ಫೋನ್ ಮಾಡಿ ತಿಳಿಸಿದೆ.

ಅವರ ಹಿಂದೆ ಮಗಳು ಏನನ್ನೋ ಗಟ್ಟಿಯಾಗಿ ಓದುತ್ತಿದ್ದಳು, ಕನ್ನ‌ಡದಲ್ಲಿ. ಅವಳಿಗೆ ಸುಮ್ಮನಿರು ಎಂದರು.

"ಕಡೀಕ ಅವರ ಹತ್ರ ಯಾರಿದ್ರು?"

"ಇದ್ರು," ಎಂದೆ. "ಫ್ರೆಂಡ್ ಒಬ್ಬರು ಜೊತೆಗಿದ್ರಂತೆ."

"ಖರೇನ?"

ನಾನು ಕಿಟಕಿಯ ಹತ್ತಿರ ಹೋದೆ. ಕೆಳಗೆ ಯಾರೋ ಸೈಕಲ್ಲಿನ ಹಿಂದೆ ಮಗುವನ್ನು ಕೂರಿಸಿ ಬೆಲ್ಟ್ ಕಟ್ಟುತ್ತಿದ್ದರು. "ಇಲ್ಲ," ಎಂದೆ. "ಯಾರೂ ಇರಲಿಲ್ಲ. ಬಾಗಿಲು ತೆಗೆಸಿ ನೋಡಬೇಕಾಯ್ತು."

ಅವರು ಅಳಲಿಲ್ಲ. ಊರಲ್ಲಿ ಅವರವರು ಅಂತ ಯಾರಿದ್ದಾರೆ ಎಂದು ಕೇಳಿದರು. ತಂಗಿಯೊಬ್ಬರು ಇದ್ದಾರೆ, ಮಂಗಳೂರಿನಲ್ಲಿ, ಹಳೆಯ ಆಫೀಸಿನವರಿಂದ ನಂಬರು ತೆಗೆದುಕೊಂಡಿದ್ದೇನೆ, ಇನ್ನೂ ಮಾತಾಡಿಲ್ಲ ಎಂದೆ. ಅವರ ಕಡೆ ಕಾಗದ ಹುಡುಕುವ ಸದ್ದಾಯಿತು.

"ಆ ನಂಬರ್ ಹೇಳ್ರಿ," ಎಂದರು. "ರಜಾ ಬಿದ್ದ ಮ್ಯಾಲೆ ನಾ ಹೋಗಿ ಬರ್ತೀನಿ. ಅವರು ನಮ್ಮ ಮನಿಗೆ ಬಂದಿದ್ರಲ್ರೀ."